ಸಿಡ್ನಿಯಿಂದ ಲಂಡನ್‌ಗೆ: ದೂರ, ಸಮಯ ಮತ್ತು ದಾರಿಯ ಆಯ್ಕೆ

ಸಿಡ್ನಿ ವಿಮಾನ ನಿಲ್ದಾಣಕ್ಕೂ ಲಂಡನ್ನಿನ ಹೀಥ್ರೂ ನಿಲ್ದಾಣಕ್ಕೂ ಎಷ್ಟು ದೂರವೆಂದು ಹುಡುಕಿದರೆ ಸುಮಾರು 17,020 ಕಿಲೋಮೀಟರ್ ಎಂಬ ಉತ್ತರ ಸಿಗುತ್ತದೆ. ಅದನ್ನೇ ಕೆಲವರು 10,575 ಮೈಲಿ ಎಂದೂ, ವಿಮಾನಯಾನದವರು 9,190 ನಾಟಿಕಲ್ ಮೈಲಿ ಎಂದೂ ಬರೆಯುತ್ತಾರೆ. ಪಕ್ಕದಲ್ಲಿಯೇ 19 ಗಂಟೆಯ ಆಸುಪಾಸಿನ ಹಾರಾಟದ ಅವಧಿಯೊಂದನ್ನೂ ಕೊಟ್ಟಿರುತ್ತಾರೆ. ಈ ಅಂಕಿಗಳಲ್ಲಿ ತಪ್ಪೇನೂ ಇಲ್ಲ. ಆದರೆ ಟಿಕೆಟ್ ಕೊಳ್ಳಲು ಹೊರಟವರಿಗೆ ಇವುಗಳಿಂದ ಆಗುವ ಉಪಕಾರ ಬಹಳ ಕಡಿಮೆ. ಏಕೆಂದರೆ ಇದನ್ನು ಬರೆಯುವ ಹೊತ್ತಿಗೆ ಈ ಎರಡು ನಗರಗಳ ನಡುವೆ ಎಲ್ಲಿಯೂ ಇಳಿಯದೆ ಹಾರುವ ನಿಯಮಿತ ಪ್ರಯಾಣಿಕ ವಿಮಾನವಿಲ್ಲ. ದಾರಿಯಲ್ಲಿ ಒಂದು ಕಡೆಯಾದರೂ ಇಳಿಯಲೇಬೇಕು. ಹಾಗಾಗಿ ಪ್ರಯಾಣಿಕರು ನಿಜಕ್ಕೂ ಕೇಳಿಕೊಳ್ಳಬೇಕಾದದ್ದು ಎಷ್ಟು ದೂರವೆಂದಲ್ಲ, ಆ ದೂರ ಎಲ್ಲಿ ಎರಡಾಗಬೇಕು ಎಂದು.

ಮೊದಲು ಆ 17,020ರ ಅರ್ಥವನ್ನು ನೋಡೋಣ. ಇದು ಭೂಮಿಯ ಮೇಲ್ಮೈಯನ್ನು ಅನುಸರಿಸಿ ಎರಡು ಬಿಂದುಗಳ ನಡುವೆ ಎಳೆಯಬಹುದಾದ ಅತಿ ಚಿಕ್ಕ ಗೆರೆಯ ಉದ್ದ. ಗಣಿತದವರು ಇದನ್ನು ಮಹಾವೃತ್ತದ ದೂರ ಎನ್ನುತ್ತಾರೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಇರುವುದರಿಂದ ಯಾವ ಎರಡು ಊರುಗಳೂ ಸುಮಾರು 20,000 ಕಿ.ಮೀ.ಗಿಂತ ದೂರದಲ್ಲಿರಲು ಸಾಧ್ಯವಿಲ್ಲ. ಸಿಡ್ನಿಗೂ ಲಂಡನ್ನಿಗೂ ನಡುವಿನ ಅಂತರ ಈ ಗರಿಷ್ಠ ಮಿತಿಯ ಶೇ. 85ರಷ್ಟಿದೆ. ಗೋಡೆಗೆ ತೂಗುಹಾಕುವ ಚಪ್ಪಟೆ ಭೂಪಟದಲ್ಲಿ ಸ್ಕೇಲು ಇಟ್ಟು ಗೆರೆ ಎಳೆದರೆ ದಾರಿ ಹಿಂದೂ ಮಹಾಸಾಗರ ಮತ್ತು ಅರಬ್ ನಾಡುಗಳ ಮೇಲೆ ಹಾದಂತೆ ಕಾಣುತ್ತದೆ. ಗೋಳದ ಮೇಲೆ ದಾರ ಹಿಡಿದು ನೋಡಿದರೆ ಅದು ನ್ಯೂ ಗಿನಿ, ಫಿಲಿಪ್ಪೀನ್ಸ್, ಚೀನಾ, ಮಂಗೋಲಿಯಾ, ರಷ್ಯಾಗಳನ್ನು ದಾಟಿ ಬಾಲ್ಟಿಕ್ ಸಮುದ್ರದ ಕಡೆಯಿಂದ ಲಂಡನ್ನಿಗೆ ಇಳಿಯುತ್ತದೆ. ಹಾಂಗ್‌ಕಾಂಗ್ ಹೆಚ್ಚುಕಡಿಮೆ ಆ ದಾರದ ಮೇಲೆಯೇ ಕುಳಿತಿದೆ.

ಈ ದೂರವನ್ನು ವಿಮಾನದ ವೇಗದಿಂದ ಭಾಗಿಸಿದರೆ ಸಮಯ ಸಿಗುತ್ತದೆ ಎಂಬುದು ಅರ್ಧ ಸತ್ಯ ಮಾತ್ರ. ಇಂದಿನ ದೂರಗಾಮಿ ವಿಮಾನಗಳು ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಸಾಗುತ್ತವೆ ಎಂಬುದು ನಿಜ, ಆದರೆ ಅದು ಗಾಳಿಗೆ ಹೋಲಿಸಿದ ವೇಗ. ನೆಲಕ್ಕೆ ಹೋಲಿಸಿದ ವೇಗವು ಗಾಳಿ ಬೀಸುವ ದಿಕ್ಕನ್ನು ಅವಲಂಬಿಸಿ ಹೆಚ್ಚುತ್ತದೆ, ಇಲ್ಲವೇ ಕುಗ್ಗುತ್ತದೆ. ಇದರ ಮೇಲೆ ರನ್‌ವೇ ತನಕ ಉರುಳುವ ಹೊತ್ತು, ಮೇಲೇರುವ ಮತ್ತು ಕೆಳಗಿಳಿಯುವ ಹೊತ್ತು, ಇಳಿಯುವ ಸರದಿಗಾಗಿ ಆಕಾಶದಲ್ಲಿಯೇ ಸುತ್ತುವ ಹೊತ್ತು ಸೇರುತ್ತವೆ. ಟಿಕೆಟ್ಟಿನಲ್ಲಿ ಮುದ್ರಿಸುವ ಅವಧಿಯು ವಿಮಾನ ಒಂದು ಗೇಟು ಬಿಟ್ಟಲ್ಲಿಂದ ಇನ್ನೊಂದು ಗೇಟು ತಲುಪುವವರೆಗಿನದು; ಗಾಳಿಯಲ್ಲಿರುವ ಅವಧಿಯಷ್ಟೇ ಅಲ್ಲ. ದಾರಿಗಳನ್ನು ಹೋಲಿಸುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲ ವಿಮಾನ ಹೊರಟ ಕ್ಷಣದಿಂದ ಕೊನೆಯ ವಿಮಾನ ನಿಂತ ಕ್ಷಣದವರೆಗಿನ ಒಟ್ಟು ಅವಧಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು.

ಸುತ್ತುದಾರಿ ಎಷ್ಟು ಸುತ್ತು?

ಈಗ ಪ್ರತಿ ದಾರಿಯ ಲೆಕ್ಕ. ಸಿಂಗಪುರದ ಮೂಲಕ ಹೋದರೆ ಮೊದಲ ಹಂತ ಸುಮಾರು 6,300 ಕಿ.ಮೀ., ಎರಡನೆಯದು 10,880, ಒಟ್ಟು 17,180. ಅಂದರೆ ಅತಿ ಚಿಕ್ಕ ಗೆರೆಗಿಂತ ಕೇವಲ 160 ಕಿ.ಮೀ. ಹೆಚ್ಚು. ಬ್ಯಾಂಕಾಕ್ ಮೂಲಕವಾದರೆ 7,515 ಮತ್ತು 9,575 ಸೇರಿ 17,090. ಹಾಂಗ್‌ಕಾಂಗ್ ಮೂಲಕವಾದರೆ ಸುಮಾರು 7,390 ಮತ್ತು 9,640 ಸೇರಿ 17,030. ದುಬೈ ಮೂಲಕ 12,040 ಮತ್ತು 5,500 ಸೇರಿ 17,540, ದೋಹಾ ಮೂಲಕ 12,370 ಮತ್ತು 5,240 ಸೇರಿ 17,610. ಟೋಕಿಯೊ ಎಷ್ಟೋ ದೂರದ ಮೂಲೆಯಲ್ಲಿದೆ ಎಂದು ಅನ್ನಿಸಿದರೂ ಅಲ್ಲಿ ಇಳಿದು ಹೋಗುವ ದಾರಿ 17,410 ಕಿ.ಮೀ. ಮಾತ್ರ, ದುಬೈ ದಾರಿಗಿಂತ ಚಿಕ್ಕದು. ಆಸ್ಟ್ರೇಲಿಯಾದ ಪಶ್ಚಿಮ ತುದಿಯ ಪರ್ತ್‌ಗೆ ಹೋಗಿ ಅಲ್ಲಿಂದ ಒಂದೇ ಉಸಿರಿಗೆ ಲಂಡನ್ ತಲುಪುವ ದಾರಿ 3,280 ಮತ್ತು 14,500 ಸೇರಿ 17,780. ಇವೆಲ್ಲಕ್ಕಿಂತ ಬೇರೆಯಾಗಿ ನಿಲ್ಲುವುದು ಪೆಸಿಫಿಕ್ ದಾಟಿ ಲಾಸ್ ಏಂಜಲಿಸ್ ಮೂಲಕ ಹೋಗುವ ದಾರಿ: 12,060 ಮತ್ತು 8,760 ಸೇರಿ 20,820 ಕಿ.ಮೀ.

ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅಮೆರಿಕದ ದಾರಿಯೊಂದನ್ನು ಬಿಟ್ಟು ಉಳಿದೆಲ್ಲ ದಾರಿಗಳೂ ಕನಿಷ್ಠ ದೂರಕ್ಕಿಂತ ಶೇ. 5ರೊಳಗೇ ಇವೆ ಎಂಬುದು ಗೊತ್ತಾಗುತ್ತದೆ. ಅತಿ ಚಿಕ್ಕದಕ್ಕೂ ಪರ್ತ್ ದಾರಿಗೂ ಇರುವ ವ್ಯತ್ಯಾಸ 760 ಕಿ.ಮೀ.; ವಿಮಾನಕ್ಕೆ ಅದು 50 ನಿಮಿಷದ ಕೆಲಸ. ನಿಲ್ದಾಣವೊಂದರಲ್ಲಿ ಮುಂದಿನ ವಿಮಾನಕ್ಕಾಗಿ ಕಾಯುವ ಹೊತ್ತು ಒಂದೂವರೆ ಗಂಟೆಯಿಂದ ಹತ್ತು ಗಂಟೆಯವರೆಗೆ ಏನೂ ಆಗಬಹುದಾದಾಗ, ಕಿಲೋಮೀಟರುಗಳನ್ನು ನೋಡಿ ದಾರಿ ಆರಿಸುವುದು ಎಳ್ಳು ಎಣಿಸುತ್ತ ಕುಂಬಳಕಾಯಿ ಕೈಬಿಟ್ಟಂತೆ. ದೂರದ ಆಧಾರದ ಮೇಲೆಯೇ ತಳ್ಳಿಹಾಕಬಹುದಾದ ದಾರಿ ಇಲ್ಲಿ ಅಮೆರಿಕದ್ದೊಂದೇ. ಅದರಲ್ಲಿಯೂ ಹಾರಾಟವೇ ಸುಮಾರು 24 ಗಂಟೆ ಹಿಡಿಯುತ್ತದೆ. ಮೇಲಾಗಿ ಅಮೆರಿಕದಲ್ಲಿ ವಿಮಾನ ಬದಲಿಸುವವರು ಕೂಡ ಆ ದೇಶವನ್ನು ಪ್ರವೇಶಿಸಿದವರಂತೆಯೇ ಇಮಿಗ್ರೇಷನ್ ತಪಾಸಣೆ ಮುಗಿಸಬೇಕಾಗುತ್ತದೆ ಮತ್ತು ವೀಸಾ ಇಲ್ಲವೇ ಮುಂಗಡ ಎಲೆಕ್ಟ್ರಾನಿಕ್ ಅನುಮತಿ ಹೊಂದಿರಬೇಕಾಗುತ್ತದೆ. ಅಲ್ಲಿ ಕೆಲವು ದಿನ ತಂಗುವ ಉದ್ದೇಶವಿದ್ದವರಿಗೆ ಮಾತ್ರ ಈ ದಾರಿಗೆ ಅರ್ಥವಿದೆ.

ಎಲ್ಲಿ ಎರಡಾಗಬೇಕು?

ಉಳಿದ ದಾರಿಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಸಿಡ್ನಿಯಿಂದ ಸಿಂಗಪುರಕ್ಕೆ ಸುಮಾರು 8 ಗಂಟೆ, ಅಲ್ಲಿಂದ ಲಂಡನ್ನಿಗೆ ಸುಮಾರು 14 ಗಂಟೆ. ದುಬೈ ಅಥವಾ ದೋಹಾ ಮೂಲಕವಾದರೆ ಇದು ತಿರುಗುಮುರುಗಾಗುತ್ತದೆ: ಮೊದಲು 14 ಗಂಟೆಗೂ ಮೇಲ್ಪಟ್ಟ ಹಾರಾಟ, ಆಮೇಲೆ 7 ಗಂಟೆಯ ಆಸುಪಾಸಿನದು. ಒಟ್ಟು ಹೆಚ್ಚುಕಡಿಮೆ ಒಂದೇ ಆದರೂ ದೇಹಕ್ಕೆ ಇವೆರಡೂ ಒಂದೇ ಅಲ್ಲ. ಉದ್ದದ ಹಂತದಲ್ಲಿ ಊಟ ಮುಗಿದು ದೀಪಗಳು ಆರಿದ ಮೇಲೂ ಏಳೆಂಟು ಗಂಟೆಗಳ ಅಖಂಡ ಕತ್ತಲು ಉಳಿಯುತ್ತದೆ. ಏಳು ಗಂಟೆಯ ಹಂತದಲ್ಲಿ ಮೊದಲ ಊಟ ಮತ್ತು ಇಳಿಯುವ ಮುನ್ನ ಕೊಡುವ ಉಪಾಹಾರಗಳ ನಡುವೆ ಮೂರೂವರೆ ಗಂಟೆ ಕಣ್ಣು ಮುಚ್ಚಿದರೆ ಅದೇ ದೊಡ್ಡದು. ಆದ್ದರಿಂದ ಉದ್ದದ ಹಂತ ನಿಮ್ಮ ರಾತ್ರಿಯಲ್ಲಿ ಬೀಳುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಸಿಡ್ನಿಯಿಂದ ರಾತ್ರಿ ಹೊರಡುವುದಾದರೆ ಕೊಲ್ಲಿಯ ದಾರಿ ಅನುಕೂಲ: ವಿಮಾನ ಏರಿದ ಕೂಡಲೇ ಮಲಗಬಹುದು. ಮಧ್ಯಾಹ್ನ ಅಥವಾ ಸಂಜೆ ಹೊರಡುವುದಾದರೆ ಸಿಂಗಪುರದ ದಾರಿ ಮೇಲು: ಎಚ್ಚರವಾಗಿರುವ ಹೊತ್ತು ಮೊದಲ ಹಂತದಲ್ಲಿ ಕಳೆದು, ನಡುರಾತ್ರಿಯ ಹೊತ್ತಿಗೆ ಸಿಂಗಪುರದಲ್ಲಿ ಕಾಲು ಚಾಚಿ ನಡೆದಾಡಿ, ಉದ್ದದ ಹಂತವನ್ನು ನಿದ್ದೆಗೆ ಬಿಡಬಹುದು.

ಲಂಡನ್ನಿನಿಂದ ಹಿಂದಿರುಗುವಾಗ ಈ ಲೆಕ್ಕ ತಲೆಕೆಳಗಾಗುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಹೋಗುವಾಗ ಚೆನ್ನಾಗಿದ್ದ ದಾರಿಯನ್ನೇ ಬರುವಾಗಲೂ ಆರಿಸುವುದು ಸಹಜ. ಆದರೆ ರಾತ್ರಿ ಲಂಡನ್ ಬಿಟ್ಟು ಕೊಲ್ಲಿಗೆ ಬಂದರೆ ಆ ಚಿಕ್ಕ ಹಂತ ನಿದ್ದೆಯ ನಟ್ಟನಡುವೆ ಕತ್ತರಿ ಆಡಿಸಿದಂತೆ ಮುಗಿದುಹೋಗುತ್ತದೆ ಮತ್ತು ಪ್ರಯಾಣಿಕ ಅರೆನಿದ್ದೆಯಲ್ಲಿ ಬೆಳಗಿನ ನಿಲ್ದಾಣದೊಳಗೆ ಅಲೆಯಬೇಕಾಗುತ್ತದೆ. ಒಂದೇ ಸಂಸ್ಥೆಯಲ್ಲಿ ಹೋಗಿ ಬರುವ ಟಿಕೆಟ್ ಕೊಳ್ಳುವವರು ಹೊರಡುವ ಹೊತ್ತನ್ನಾದರೂ ಬದಲಿಸಿಕೊಂಡು ಇದನ್ನು ಸರಿದೂಗಿಸಬಹುದು. ಬ್ಯಾಂಕಾಕ್ ಮತ್ತು ಹಾಂಗ್‌ಕಾಂಗ್ ಈ ವಿಷಯದಲ್ಲಿ ನಡುಮಾರ್ಗದವು. ಅವು ಪ್ರಯಾಣವನ್ನು ಹೆಚ್ಚುಕಡಿಮೆ ಸಮನಾಗಿ ಹಂಚುತ್ತವೆ. ಚಿಕ್ಕ ಮಕ್ಕಳೊಂದಿಗೆ ಹೋಗುವವರಿಗೆ, ಬೆನ್ನು ಅಥವಾ ಮಂಡಿಯ ನೋವಿರುವವರಿಗೆ ಈ ಸಮಪಾಲು ಒಳ್ಳೆಯದೆಂದು ನನ್ನ ಅಭಿಪ್ರಾಯ. ಚೆನ್ನಾಗಿ ನಿದ್ದೆ ಮಾಡಬಲ್ಲವರಿಗೆ ಮಾತ್ರ ಅದರಿಂದ ನಷ್ಟ.

ಪರ್ತ್ ದಾರಿಯನ್ನು ಪ್ರತ್ಯೇಕವಾಗಿ ನೋಡಬೇಕು. ಕ್ವಾಂಟಾಸ್ ಸಂಸ್ಥೆ 2018ರ ಮಾರ್ಚ್‌ನಲ್ಲಿ ಬೋಯಿಂಗ್ 787-9 ವಿಮಾನದಿಂದ ಇದನ್ನು ಆರಂಭಿಸಿತು, ಮತ್ತು ಆಸ್ಟ್ರೇಲಿಯಾ ಹಾಗೂ ಯುರೋಪ್ ಖಂಡಗಳ ನಡುವೆ ನಿಲ್ಲದೆ ಹಾರಿದ ಮೊದಲ ನಿಯಮಿತ ಪ್ರಯಾಣಿಕ ಸೇವೆ ಅದೇ. ಪರ್ತ್‌ನಿಂದ ಲಂಡನ್ನಿಗೆ ಹದಿನೇಳು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಪರ್ತ್‌ನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಸಿಡ್ನಿಯವರಿಗೆ ಇದೂ ಒಂದು ನಿಲುಗಡೆಯ ದಾರಿಯೇ ಎಂಬುದನ್ನು ‘ನೇರ’ ಎಂಬ ಮಾತು ಮರೆಸಿಬಿಡುತ್ತದೆ. ಸಿಡ್ನಿಯಿಂದ ಪರ್ತ್‌ಗೆ ಐದು ಗಂಟೆಯ ಹಾರಾಟ ಸೇರಿಸಿ, ನಡುವೆ ಕಾಯುವ ಹೊತ್ತನ್ನೂ ಕೂಡಿಸಿದರೆ ಒಟ್ಟು ಸುಮಾರು 24 ಗಂಟೆಯಾಗುತ್ತದೆ. ಸಿಂಗಪುರದ ದಾರಿಯೂ ಅಷ್ಟೇ ಹಿಡಿಯುತ್ತದೆ. ಹಾಗಾದರೆ ಲಾಭವೇನು? ಬೇರೆ ದೇಶವೊಂದರಲ್ಲಿ ಇಳಿಯುವ ಅಗತ್ಯವಿಲ್ಲ, ಆ ದೇಶದ ಟ್ರಾನ್ಸಿಟ್ ನಿಯಮಗಳ ಗೊಡವೆಯಿಲ್ಲ, ಮತ್ತು ಒಂದು ಅತ್ಯಂತ ಉದ್ದದ ನಿದ್ದೆಗೆ ಅವಕಾಶವಿದೆ. ನಷ್ಟವೆಂದರೆ ಅದೇ ಆಸನದಲ್ಲಿ ಹದಿನೇಳು ಗಂಟೆ ಕೂರಬೇಕು.

ಅಷ್ಟು ಹೊತ್ತು ಕೂರುವುದು ಬರೀ ಬೇಸರದ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡುಪಟ್ಟಾಗುತ್ತದೆ. ಆದರೂ ಆರೋಗ್ಯವಂತರಲ್ಲಿ ಅದು 6,000 ಮಂದಿಗೆ ಒಬ್ಬರಷ್ಟು ಮಾತ್ರ. ಪ್ರಯಾಣ ಉದ್ದವಾದಷ್ಟೂ, ಹಾಗೆಯೇ ಕಡಿಮೆ ಅವಧಿಯಲ್ಲಿ ಹಲವು ಪ್ರಯಾಣಗಳನ್ನು ಮಾಡಿದಷ್ಟೂ ಅಪಾಯ ಏರುತ್ತದೆ. ಈ ಹಿಂದೆ ಇಂತಹ ತೊಂದರೆ ಆದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಮತ್ತು ಗರ್ಭಿಣಿಯರು ಟಿಕೆಟ್ ಕೊಳ್ಳುವ ಮೊದಲೇ ವೈದ್ಯರನ್ನು ಕೇಳುವುದು ಒಳ್ಳೆಯದು. ವಿಮಾನದ ಮಾದರಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಹಳೆಯ ವಿಮಾನಗಳ ಒಳಗಿನ ಗಾಳಿಯ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನದಕ್ಕೆ ಸಮನಾದರೆ, ಬೋಯಿಂಗ್ 787 ಮತ್ತು ಏರ್‌ಬಸ್ ಎ350ಗಳಲ್ಲಿ ಅದು ಸುಮಾರು 6,000 ಅಡಿಯದು. ಹಾಗಾಗಿ ಟಿಕೆಟ್ಟಿನ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿರುವ ವಿಮಾನದ ಮಾದರಿಯನ್ನು ಓದುವುದು ವ್ಯರ್ಥವಲ್ಲ.

ಉದ್ದದ ಹಾರಾಟಕ್ಕೆ ಇನ್ನೊಂದು ಮಿತಿ ಇಂಧನದ್ದು. ಹೆಚ್ಚು ದೂರ ಹೋಗಲು ಹೆಚ್ಚು ಇಂಧನ ಬೇಕು. ಆ ಹೆಚ್ಚಿನ ಇಂಧನದ ತೂಕವನ್ನು ಹೊರಲು ಮತ್ತಷ್ಟು ಇಂಧನ ಬೇಕು. ಹೀಗಾಗಿ ಒಂದೇ ದೂರವನ್ನು ನಡುವೆ ಒಮ್ಮೆ ಇಳಿದು ಇಂಧನ ತುಂಬಿಸಿಕೊಂಡು ಕ್ರಮಿಸುವ ವಿಮಾನ, ನಿಲ್ಲದೆ ಹಾರುವ ವಿಮಾನಕ್ಕಿಂತ ಹಗುರವಾಗಿ ಹಾರಬಲ್ಲದು. ತೂಕ ಇಳಿಸಲು ಸಂಸ್ಥೆಗಳು ಆಸನಗಳನ್ನೇ ಕಡಿಮೆ ಮಾಡುತ್ತವೆ. ಸಿಂಗಪುರ–ನ್ಯೂಯಾರ್ಕ್ ನಡುವೆ ಸುಮಾರು 15,300 ಕಿ.ಮೀ. ನಿಲ್ಲದೆ ಹಾರುವ ಸಿಂಗಪುರ್ ಏರ್‌ಲೈನ್ಸ್‌ನ ಎ350-900 ಯುಎಲ್‌ಆರ್ ವಿಮಾನದಲ್ಲಿ ಇರುವುದು 161 ಆಸನ ಮಾತ್ರ, ಮತ್ತು ಅದರಲ್ಲಿ ಸಾಮಾನ್ಯ ಎಕಾನಮಿ ದರ್ಜೆಯೇ ಇಲ್ಲ. ನಿಲ್ಲದೆ ಹಾರುವ ಸೌಕರ್ಯದ ಬೆಲೆ ಟಿಕೆಟ್ಟಿನೊಳಗೆ ಹೇಗೆ ಬಂದು ಸೇರುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಭೂಪಟದಲ್ಲಿ ಕಾಣದ ಗೋಡೆಗಳು

ಹಾಂಗ್‌ಕಾಂಗ್ ಅತಿ ಚಿಕ್ಕ ಗೆರೆಯ ಮೇಲಿದೆ ಎಂದೆ. ಆ ಗೆರೆಯ ಮೇಲೆ ಇಂದು ಎಲ್ಲರೂ ಹಾರಲಾರರು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ಬೆನ್ನಿಗೇ ಬ್ರಿಟನ್ ಮತ್ತು ಯುರೋಪಿನ ದೇಶಗಳು ರಷ್ಯಾದ ವಿಮಾನಗಳಿಗೆ ತಮ್ಮ ವಾಯುಪ್ರದೇಶವನ್ನು ಮುಚ್ಚಿದವು, ರಷ್ಯಾ ಅವರಿಗೆ ತನ್ನದನ್ನು ಮುಚ್ಚಿತು. ಪರಿಣಾಮವಾಗಿ ಫಿನ್‌ಏರ್ ಸಂಸ್ಥೆಯ ಹೆಲ್ಸಿಂಕಿ–ಟೋಕಿಯೊ ಹಾರಾಟ ಒಂಬತ್ತೂವರೆ ಗಂಟೆಯಿಂದ ಸುಮಾರು 13 ಗಂಟೆಗೆ ಏರಿತು. ಲಂಡನ್ನಿನಿಂದ ಹಾಂಗ್‌ಕಾಂಗ್ ಮತ್ತು ಟೋಕಿಯೊಗಳಿಗೆ ಹೋಗುವ ಯುರೋಪಿನ ವಿಮಾನಗಳೂ ರಷ್ಯಾವನ್ನು ಬಿಟ್ಟು ಸುತ್ತಿ ಹೋಗಬೇಕಾಯಿತು. ಹಾಗಾಗಿ ಮಹಾವೃತ್ತದ ಲೆಕ್ಕದಲ್ಲಿ ಮೊದಲ ಸ್ಥಾನದಲ್ಲಿರುವ ಹಾಂಗ್‌ಕಾಂಗ್ ದಾರಿ, ಯಾವ ದೇಶದ ಸಂಸ್ಥೆ ಹಾರಿಸುತ್ತಿದೆ ಎಂಬುದನ್ನು ಅವಲಂಬಿಸಿ ಗಡಿಯಾರದ ಲೆಕ್ಕದಲ್ಲಿ ಹಿಂದೆ ಬೀಳಬಹುದು. ಅವೇ ಎರಡು ನಗರಗಳ ನಡುವೆ ಇಬ್ಬರು ವಿಮಾನಯಾನದವರು ಬೇರೆ ಬೇರೆ ಅವಧಿಯನ್ನು ಘೋಷಿಸಿದ್ದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂದು ಭಾವಿಸಬೇಕಿಲ್ಲ.

ಕೊಲ್ಲಿಯ ದಾರಿಗೆ ಬೇರೊಂದು ಅನಿಶ್ಚಿತತೆಯಿದೆ. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಸಂಘರ್ಷದ ಹೊತ್ತಿಗೆ ಆ ಭಾಗದ ಹಲವು ದೇಶಗಳು ತಮ್ಮ ಆಕಾಶವನ್ನು ಮುಚ್ಚಿದವು. ಜೂನ್ 23ರಂದು ಕತಾರ್ ತನ್ನ ವಾಯುಪ್ರದೇಶವನ್ನು ಕೆಲ ಗಂಟೆ ಮುಚ್ಚಿದಾಗ ದೋಹಾದತ್ತ ಬರುತ್ತಿದ್ದ ವಿಮಾನಗಳು ಬೇರೆ ಬೇರೆ ಊರುಗಳಲ್ಲಿ ಇಳಿದವು. ನಡುವಿನ ನಿಲ್ದಾಣವೇ ಮುಚ್ಚಿದರೆ ಪ್ರಯಾಣದ ಎರಡು ಹಂತಗಳೂ ಒಟ್ಟಿಗೆ ಕುಸಿಯುತ್ತವೆ ಎಂಬುದು ಒಂದು ನಿಲುಗಡೆಯ ದಾರಿಗಳಿಗೆಲ್ಲ ಅಂಟಿಕೊಂಡ ದೌರ್ಬಲ್ಯ. ನಿಲ್ಲದೆ ಹಾರುವ ವಿಮಾನವೂ ಇದರಿಂದ ಪಾರಾಗಿಲ್ಲ: 2024ರ ಏಪ್ರಿಲ್‌ನಲ್ಲಿ ಇರಾನಿನ ಆಕಾಶವನ್ನು ತಪ್ಪಿಸಿ ಹಾರಬೇಕಾಗಿ ಬಂದಾಗ ಪರ್ತ್‌ನಿಂದ ಲಂಡನ್ನಿಗೆ ಹೊರಟ ವಿಮಾನ ಸುತ್ತುದಾರಿಯ ಇಂಧನಕ್ಕಾಗಿ ಸಿಂಗಪುರದಲ್ಲಿ ಇಳಿಯಬೇಕಾಯಿತು. ಕುತೂಹಲದ ಸಂಗತಿಯೆಂದರೆ, ಅದೇ ದಿನಗಳಲ್ಲಿ ಲಂಡನ್ನಿನಿಂದ ಪರ್ತ್‌ಗೆ ಬರುವ ವಿಮಾನ ಮಾತ್ರ ಮೊದಲಿನಂತೆಯೇ ನಿಲ್ಲದೆ ಹಾರುತ್ತಿತ್ತು.

ಆ ವ್ಯತ್ಯಾಸಕ್ಕೆ ಕಾರಣ ಗಾಳಿ. ಮಧ್ಯಮ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿ, ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿಯ ಹೊಳೆಗಳು ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತವೆ. ಚಳಿಗಾಲದಲ್ಲಿ ಅವುಗಳ ಬಲ ಹೆಚ್ಚು. ಲಂಡನ್ನಿನತ್ತ ಹೋಗುವವರಿಗೆ ಅವು ಎದುರುಗಾಳಿ, ಸಿಡ್ನಿಯತ್ತ ಬರುವವರಿಗೆ ಬೆನ್ನು ತಟ್ಟುವ ಗಾಳಿ. ಸಿಡ್ನಿ–ಪರ್ತ್ ಹಾರಾಟದಲ್ಲಿ ಇದು ಕಣ್ಣಿಗೆ ಕಾಣುವಷ್ಟು ಸ್ಪಷ್ಟ: ಹೋಗುವಾಗ ಐದು ಗಂಟೆಯಾದರೆ ಬರುವಾಗ ನಾಲ್ಕು ಗಂಟೆಯ ಆಸುಪಾಸು. ಇಡೀ ಪ್ರಯಾಣದಲ್ಲಿ ಎರಡು ದಿಕ್ಕುಗಳ ನಡುವೆ ಒಂದರಿಂದ ಎರಡು ಗಂಟೆಯ ವ್ಯತ್ಯಾಸ ಸಾಮಾನ್ಯ. ದೂರವೊಂದನ್ನು ಹೇಳಿ ಸಮಯವೊಂದನ್ನೇ ಹೇಳುವ ಯಾವ ಲೆಕ್ಕಾಚಾರವೂ ಯಾವ ದಿಕ್ಕಿನದು ಎಂದು ಹೇಳದಿದ್ದರೆ ಅದನ್ನು ಪೂರ್ತಿ ನಂಬಬೇಕಾಗಿಲ್ಲ.

ಕಾಯುವ ಹೊತ್ತು ಮತ್ತು ಟಿಕೆಟ್ಟಿನ ಬಗೆ

ನಡುವೆ ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಒಂದೇ ಟಿಕೆಟ್ಟಿನಲ್ಲಿ ಎರಡೂ ಹಂತಗಳಿದ್ದರೆ ಒಂದೂವರೆ ಗಂಟೆಯ ನಡುವೆಯೂ ಧೈರ್ಯವಾಗಿ ಹೋಗಬಹುದು, ಏಕೆಂದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನದಲ್ಲಿ ಕಳುಹಿಸುವ ಹೊಣೆ ಸಂಸ್ಥೆಯದು, ಲಗೇಜನ್ನು ಕೊನೆಯ ಊರಿಗೆ ತಲುಪಿಸುವ ಹೊಣೆಯೂ ಅವರದೇ. ಕಡಿಮೆ ದರದ ಆಸೆಗೆ ಎರಡು ಪ್ರತ್ಯೇಕ ಟಿಕೆಟ್ ಕೊಂಡವರಿಗೆ ಈ ರಕ್ಷಣೆ ಇಲ್ಲ. ಅವರು ನಡುವಿನ ದೇಶದಲ್ಲಿ ಇಮಿಗ್ರೇಷನ್ ದಾಟಿ, ಲಗೇಜ್ ಎತ್ತಿಕೊಂಡು, ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಅದಕ್ಕೆ ವೀಸಾ ಬೇಕಾಗಬಹುದು. ವಿಮಾನ ತಪ್ಪಿದರೆ ಎರಡನೆಯ ಟಿಕೆಟ್ಟಿನ ಹಣ ಹೋದಂತೆಯೇ. ಇಷ್ಟು ದೂರದ ಪ್ರಯಾಣದಲ್ಲಿ ಪ್ರತ್ಯೇಕ ಟಿಕೆಟ್ಟುಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಕೊಳ್ಳಲೇಬೇಕೆಂದರೆ ನಡುವೆ ಒಂದು ರಾತ್ರಿಯನ್ನಾದರೂ ಇಟ್ಟುಕೊಳ್ಳಿ.

ತಡವಾದಾಗಿನ ಪರಿಹಾರವೂ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಬ್ರಿಟನ್ನಿನ ಕಾನೂನಿನ ಪ್ರಕಾರ ಅಲ್ಲಿಂದ ಹೊರಡುವ ವಿಮಾನ ಯಾವ ದೇಶದ ಸಂಸ್ಥೆಯದಾದರೂ ರಕ್ಷಣೆ ಅನ್ವಯಿಸುತ್ತದೆ, 3,500 ಕಿ.ಮೀ. ಮೀರಿದ ಪ್ರಯಾಣದಲ್ಲಿ ಸಂಸ್ಥೆಯ ತಪ್ಪಿನಿಂದ ನಾಲ್ಕು ಗಂಟೆಗೂ ಹೆಚ್ಚು ತಡವಾಗಿ ತಲುಪಿದರೆ 520 ಪೌಂಡ್ ಪರಿಹಾರ ಕೇಳಬಹುದು. ಬ್ರಿಟನ್ನಿಗೆ ಬರುವ ವಿಮಾನಗಳಿಗಾದರೋ ಅದು ಬ್ರಿಟನ್ ಅಥವಾ ಯುರೋಪಿನ ಒಕ್ಕೂಟದ ಸಂಸ್ಥೆಯದಾಗಿದ್ದರೆ ಮಾತ್ರ ಈ ರಕ್ಷಣೆ. ಹೀಗಾಗಿ ಒಂದೇ ಏಷ್ಯಾದ ಸಂಸ್ಥೆಯಲ್ಲಿ ಹೋಗಿ ಬರುವವರಿಗೆ ಒಂದು ದಿಕ್ಕಿನಲ್ಲಿ ಹಕ್ಕಿದೆ, ಇನ್ನೊಂದು ದಿಕ್ಕಿನಲ್ಲಿ ಇಲ್ಲ. ಪ್ರಾಸಂಗಿಕವಾಗಿ ಹೇಳುವುದಾದರೆ, ಲಂಡನ್ನಿನಿಂದ ಹೊರಡುವಾಗ ಟಿಕೆಟ್ಟಿಗೆ ಸೇರುವ ಪ್ರಯಾಣಿಕ ತೆರಿಗೆಯೂ ದೂರವನ್ನೇ ಆಧರಿಸಿದೆ; ಆದರೆ ಅಲ್ಲಿ ಅಳೆಯುವುದು ನೀವು ಇಳಿಯುವ ಊರಿಗಿರುವ ದೂರವನ್ನಲ್ಲ, ಆ ದೇಶದ ರಾಜಧಾನಿಗಿರುವ ದೂರವನ್ನು. ಸಿಡ್ನಿಗೆ ಹೋಗುವವರ ತೆರಿಗೆಯನ್ನು ನಿರ್ಧರಿಸುವುದು ಕ್ಯಾನ್‌ಬೆರಾ.

ವೇಳಾಪಟ್ಟಿ ಓದುವಾಗ ಎರಡು ಊರುಗಳ ಗಡಿಯಾರಗಳನ್ನು ಸರಿಯಾಗಿ ತಿಳಿದಿರಬೇಕು. ಬ್ರಿಟನ್ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತದೆ. ಸಿಡ್ನಿ ಅಕ್ಟೋಬರ್ ಮೊದಲ ಭಾನುವಾರ ಮುಂದಿಟ್ಟು ಏಪ್ರಿಲ್ ಮೊದಲ ಭಾನುವಾರ ಹಿಂದಿಡುತ್ತದೆ. ಇದರಿಂದ ಸಿಡ್ನಿ ಲಂಡನ್ನಿಗಿಂತ ಜನವರಿಯಲ್ಲಿ 11 ಗಂಟೆ, ಜುಲೈಯಲ್ಲಿ 9 ಗಂಟೆ, ಬದಲಾವಣೆಯ ನಡುವಿನ ಕೆಲವೇ ವಾರಗಳಲ್ಲಿ 10 ಗಂಟೆ ಮುಂದಿರುತ್ತದೆ. ಜನವರಿಯಲ್ಲಿ ಸಂಜೆ 4ಕ್ಕೆ ಸಿಡ್ನಿ ಬಿಟ್ಟು 24 ಗಂಟೆ ಪ್ರಯಾಣಿಸಿದವರು ಮರುದಿನ ಬೆಳಗಿನ 5ಕ್ಕೇ ಲಂಡನ್ನಿನಲ್ಲಿರುತ್ತಾರೆ. ಗಡಿಯಾರ ನೋಡಿದರೆ ಹದಿಮೂರೇ ಗಂಟೆ ಆದಂತೆ ಕಾಣುತ್ತದೆ. ಬರುವಾಗ ಆ ಸಾಲ ತೀರಿಸಬೇಕು: ಸೋಮವಾರ ರಾತ್ರಿ 9ಕ್ಕೆ ಲಂಡನ್ ಬಿಟ್ಟು 23 ಗಂಟೆ ಪ್ರಯಾಣಿಸಿದವರು ಬುಧವಾರ ಬೆಳಿಗ್ಗೆ 7ಕ್ಕೆ ಸಿಡ್ನಿಯಲ್ಲಿ ಇಳಿಯುತ್ತಾರೆ. ಬುಧವಾರದ ಬೆಳಗಿನ ಸಭೆಯನ್ನು ಮಂಗಳವಾರದ ಪ್ರಯಾಣದ ಮೇಲೆ ನಂಬಿ ಒಪ್ಪಿಕೊಳ್ಳುವವರು ಇದನ್ನು ಎರಡು ಸಲ ಲೆಕ್ಕ ಹಾಕಬೇಕು. ಸಿಡ್ನಿಯಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಬಹುತೇಕ ವಿಮಾನಗಳ ಏರಿಳಿತಕ್ಕೆ ಕಾನೂನಿನ ನಿರ್ಬಂಧವಿದೆ, ಹೀಥ್ರೂನಲ್ಲಿಯೂ ರಾತ್ರಿಯ ವಿಮಾನಗಳ ಸಂಖ್ಯೆಗೆ ಮಿತಿಯಿದೆ. ಹಾಗಾಗಿ ಸಿಡ್ನಿಯಿಂದ ರಾತ್ರಿ ಹತ್ತರ ಮೇಲೆ ಹೊರಡುವ ವಿಮಾನವೊಂದು ಒಂದು ಗಂಟೆ ತಡವಾದರೆ ಅದು ಒಂದು ಗಂಟೆಯ ತಡವಾಗಿಯೇ ಉಳಿಯುತ್ತದೆಂಬ ಭರವಸೆಯಿಲ್ಲ.

ಇಷ್ಟು ಕಾಲಮಾನ ದಾಟಿದ ಮೇಲೆ ದೇಹ ಹೊಂದಿಕೊಳ್ಳಲು ಹಲವು ದಿನ ಬೇಕು, ಸಾಮಾನ್ಯವಾಗಿ ಪೂರ್ವಕ್ಕೆ ಬಂದಾಗ ಹೆಚ್ಚು. ಯಾವ ದಾರಿ ಆರಿಸಿದರೂ ಇದರಲ್ಲಿ ಬದಲಾವಣೆಯಿಲ್ಲ. ನಡುವಿನ ಊರಿನಲ್ಲಿ ಒಂದೆರಡು ರಾತ್ರಿ ತಂಗಿದರೆ ಮಾತ್ರ ಅಂತರ ಎರಡು ಕಂತುಗಳಲ್ಲಿ ತೀರುತ್ತದೆ. ವಯಸ್ಸಾದವರಿಗೆ, ದಿನಗಳ ಒತ್ತಡವಿಲ್ಲದವರಿಗೆ ನಾನು ಸೂಚಿಸುವುದು ಇದನ್ನೇ, ಮತ್ತು ದೂರದ ಲೆಕ್ಕದಲ್ಲಿ ಸಿಂಗಪುರ ಅಥವಾ ಬ್ಯಾಂಕಾಕ್ ಕೊಲ್ಲಿಗಿಂತ ಹೆಚ್ಚು ಸಮಂಜಸವಾದ ನಡುವಿನ ಬಿಂದುಗಳು.

ನಿಲ್ಲದೆ ಹಾರುವ ಸೇವೆ ಬರುವವರೆಗೆ ಕಾಯೋಣವೇ ಎಂದು ಕೇಳುವವರಿದ್ದಾರೆ. ಈ ದಾರಿಯ ಇತಿಹಾಸವನ್ನು ನೋಡಿದರೆ ಆ ಆಸೆ ಅತಿಯೇನಲ್ಲ. 1947ರ ಡಿಸೆಂಬರ್ 1ರಂದು ಸಿಡ್ನಿಯಿಂದ ಹೊರಟ ಕ್ವಾಂಟಾಸ್‌ನ ಕಾನ್‌ಸ್ಟೆಲೇಷನ್ ವಿಮಾನ ಡಾರ್ವಿನ್, ಸಿಂಗಪುರ, ಕಲ್ಕತ್ತಾ, ಕರಾಚಿ, ಕೈರೊ, ಟ್ರಿಪೋಲಿಗಳಲ್ಲಿ ಇಳಿದು ನಾಲ್ಕು ದಿನಗಳಲ್ಲಿ ಲಂಡನ್ ಸೇರಿತು. 1989ರ ಆಗಸ್ಟ್‌ನಲ್ಲಿ ಅದೇ ಸಂಸ್ಥೆಯ ಹೊಸ ಬೋಯಿಂಗ್ 747-400 ವಿಮಾನ ಟಿಕೆಟ್ ಕೊಂಡ ಪ್ರಯಾಣಿಕರಿಲ್ಲದೆ ಲಂಡನ್ನಿನಿಂದ ಸಿಡ್ನಿಗೆ 20 ಗಂಟೆ 9 ನಿಮಿಷದಲ್ಲಿ ನಿಲ್ಲದೆ ಹಾರಿ ಬಂತು. 2019ರ ನವೆಂಬರ್‌ನಲ್ಲಿ ಸುಮಾರು 50 ಮಂದಿಯನ್ನು ಹೊತ್ತ ಬೋಯಿಂಗ್ 787-9 ಅದನ್ನೇ 19 ಗಂಟೆ 19 ನಿಮಿಷದಲ್ಲಿ ಮಾಡಿತು. 2022ರಲ್ಲಿ ಕ್ವಾಂಟಾಸ್ ಈ ಉದ್ದೇಶಕ್ಕಾಗಿಯೇ 12 ಏರ್‌ಬಸ್ ಎ350-1000 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. 20,000 ಲೀಟರಿನ ಹೆಚ್ಚುವರಿ ಇಂಧನ ತೊಟ್ಟಿ ಮತ್ತು 238 ಆಸನಗಳನ್ನಷ್ಟೇ ಹೊಂದಿರುವ ಇವುಗಳಿಂದ 2027ರಲ್ಲಿ ಸೇವೆ ಆರಂಭಿಸುವುದಾಗಿ ಸಂಸ್ಥೆ ಹೇಳಿದೆ. ಒಂದು ನಿಲುಗಡೆಯ ಪ್ರಯಾಣಕ್ಕೆ ಹೋಲಿಸಿದರೆ ನಾಲ್ಕು ಗಂಟೆಯವರೆಗೆ ಉಳಿತಾಯವಾಗುತ್ತದೆಂಬುದು ಅವರ ಲೆಕ್ಕ. ಆ ನಾಲ್ಕು ಗಂಟೆಯಲ್ಲಿ ಬಹುಪಾಲು ಬರುವುದು ದೂರ ಕಡಿಮೆಯಾಗುವುದರಿಂದಲ್ಲ, ಇಳಿಯುವ, ಕಾಯುವ ಮತ್ತು ಮತ್ತೆ ಏರುವ ಹೊತ್ತು ತಪ್ಪುವುದರಿಂದ. ಕೆಲಸದ ನಿಮಿತ್ತ ಮೂರು ದಿನಕ್ಕೆಂದು ಹೋಗಿ ಬರುವವರಿಗೆ ಅದು ದೊಡ್ಡ ಲಾಭ. ಎಕಾನಮಿ ದರ್ಜೆಯಲ್ಲಿ ಕುಟುಂಬದೊಂದಿಗೆ ಒಂದು ತಿಂಗಳಿಗೆ ಹೊರಟವರಾದರೆ ಇಪ್ಪತ್ತು ಗಂಟೆಯ ಆಸನವನ್ನು ಕೊಳ್ಳುವ ಮೊದಲು, ಸಿಂಗಪುರದಲ್ಲಿ ಎರಡು ಗಂಟೆ ನಡೆದಾಡುವುದು ತಮಗೆ ನಷ್ಟವೋ ಬಿಡುವೋ ಎಂದು ಕೇಳಿಕೊಳ್ಳಬಹುದು. ನನ್ನ ಮಟ್ಟಿಗೆ ಅದು ಬಿಡುವು.